ಕ್ಲಚ್ಚಿನ ಕಾಲು

ಅಕ್ಟೋಬರ್ 23, 1998, ಶುಕ್ರವಾರ
ಬರ್ನಾಲಾ, ಆಸ್ಪತ್ರೆಯ ಜಗಲಿ

ಭಾವನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಮುರಿದವನು ನಾನು. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾಗುತ್ತಿಲ್ಲ. ಹೇಳುವ ಅಗತ್ಯವೂ ಇಲ್ಲ, ಎಲ್ಲರಿಗೂ ಗೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ತಿಲಕದ ಹಬ್ಬ, ದೀಪಾವಳಿಯ ಬೆನ್ನಿಗೆ ಬರುವ ಅಕ್ಕ-ತಮ್ಮಂದಿರ ಹಬ್ಬ. ಅಕ್ಕನ ಕೈಯಿಂದ ಹಣೆಗೆ ಕೇಸರಿ ಇಡಿಸಿಕೊಂಡು ಅದೇ ದಿನ ಲುಧಿಯಾನಾಕ್ಕೆ ಮರಳಬೇಕೆಂದಿದ್ದೆ. ನಮ್ಮಲ್ಲಿ ಮದುವೆ ಮಾಡಿಕೊಟ್ಟ ಅಕ್ಕನ ಮನೆಯಲ್ಲಿ ತಮ್ಮನಾದವನು ಉಣ್ಣುವುದಿಲ್ಲ, ತಂಗುವುದಿಲ್ಲ. ನಮ್ಮ ಹಿರಿಯರು ಆ ಊರಿನ ನೀರನ್ನೂ ಕುಡಿಯುತ್ತಿರಲಿಲ್ಲ. ಆದರೆ ಭಾವ ತಡೆದರು. ಗೋಧಿ ಬಿತ್ತನೆ ಹತ್ತಿರ ಬಂದಿದೆ, ಅವರ ಹಳೆಯ ಟ್ರಾಕ್ಟರಿನ ಕೀಲಿ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುತ್ತದೆ, ದಿನವೂ ಊರವರನ್ನು ಕರೆದು ತಳ್ಳಿಸಬೇಕು. ಕರೆಂಟಿನ ಕೆಲಸದವನು ನೀನು, ಬೆಳಗ್ಗೆ ಒಂದು ಸಲ ನೋಡಿ ಹೋಗು ಎಂದರು. ನಾನು ಮನೆಗಳಿಗೆ ವೈರಿಂಗ್ ಮಾಡುವವನು. ಟ್ರಾಕ್ಟರಿನದು ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಬೆಳಗ್ಗೆ ನೋಡುವುದಕ್ಕೆ ನಾಲ್ಕೈದು ಜನ ಬಂದು ನಿಂತಿದ್ದರು. ಬ್ಯಾಟರಿಯನ್ನು ಪೇಟೆಯಲ್ಲಿ ಚಾರ್ಜ್ ಮಾಡಿಸಿ ತಂದಾಗಿತ್ತು. ಕೀಲಿ ತಿರುಗಿಸಿದೆ. ಟಕ್. ಯಾರೋ ನಕ್ಕರು. ಲಾರಿಯವರು ಮಾಡುವ ಒಂದು ಉಪಾಯ ನೆನಪಾಯಿತು: ಎಂಜಿನ್ ತಿರುಗಿಸುವ ಮೋಟರಿನ, ಅಂದರೆ ಸೆಲ್ಫಿನ, ಎರಡು ಬೋಲ್ಟುಗಳಿಗೆ ಸ್ಪ್ಯಾನರ್ ಅಡ್ಡ ಕೊಟ್ಟರೆ ಬ್ಯಾಟರಿಯ ಕರೆಂಟು ಕೀಲಿಯ ಹಂಗಿಲ್ಲದೆ ನೇರವಾಗಿ ನುಗ್ಗುತ್ತದೆ. ಸೆಲ್ಫ್ ಇರುವುದು ಎಂಜಿನ್ನಿನ ಬಲಕ್ಕೆ. ನಾನು ಅಲ್ಲಿ ಬಗ್ಗಿದ್ದೆ. ಭಾವ ಎಡಗಡೆ, ದೊಡ್ಡ ಗಾಲಿಗೆ ಅಡ್ಡ ಕೊಟ್ಟಿದ್ದ ಇಟ್ಟಿಗೆ ತೆಗೆಯುತ್ತಿದ್ದರು. “ತಡಿ, ಗೇರ್ ನೋಡ್ತೀನಿ” ಎಂದರು.

ನನಗೆ ಕೇಳಿಸಿತು. ಕೇಳಿಸಿದ ಮೇಲೂ ಸ್ಪ್ಯಾನರ್ ಇಟ್ಟೆ.

ಟ್ರಾಕ್ಟರ್ ಗೇರಿನಲ್ಲಿತ್ತು. ಒಂದೇ ನೆಗೆತಕ್ಕೆ ಮುಂದೆ ಹಾರಿ, ಮೇವು ಕತ್ತರಿಸುವ ಕೊಟ್ಟಿಗೆಯ ಗೋಡೆಗೆ ಗುದ್ದಿ ನಿಂತಿತು. ದೊಡ್ಡ ಗಾಲಿ ಭಾವನ ಕಾಲಿನ ಮೇಲೆ ಹಾಯ್ದಿತ್ತು. ನಾನು ಆ ಕಡೆಗೆ ಓಡಿದಾಗ ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಆಸ್ಪತ್ರೆಗೆ ಬಂದ ಮೇಲೆ ನಲ್ಲಿಯ ಮೇಲಿನ ಕನ್ನಡಿ ನೋಡಿದೆ. ಹಣೆಯ ಕೇಸರಿ ಅಳಿಸಿರಲಿಲ್ಲ. ಚರ್ಮ ಉರಿಯುವವರೆಗೆ ಉಜ್ಜಿ ತೊಳೆದೆ.

ಅಕ್ಟೋಬರ್ 26, ಸೋಮವಾರ

ಭಾವನನ್ನು ಮನೆಗೆ ಕರೆತಂದೆವು. ತೊಡೆಯವರೆಗೆ ಪ್ಲಾಸ್ಟರ್. ಅವರ ತಾಯಿಯನ್ನು ಊರೆಲ್ಲ ಬೇಬೇ ಎಂದು ಕರೆಯುತ್ತದೆ. ಬೇಬೇ ಹೊಸ್ತಿಲ ಎರಡು ಬದಿಗೆ ಎಣ್ಣೆ ಹನಿಸಿ ಮಗನನ್ನು ಒಳಗೆ ಬಿಟ್ಟುಕೊಂಡರು. ನಂತರ ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದರು: “ಬೇರೆಯೋರ ಮನೆಗೆ ಸೊಸೆ ತವರಿಂದ ಟ್ರಾಕ್ಟರ್ ಬರತ್ತೆ. ನಿನ್ನ ತವರಿನೋರು ನಮ್ಮನೇಲಿ ಇದ್ದದ್ದನ್ನೇ ನನ್ನ ಮಗನ ಮೇಲೆ ಹತ್ತಿಸಿಕೊಟ್ರು.”

ಅಕ್ಕ ಶಿಂದರ್ ತಲೆ ಎತ್ತಲಿಲ್ಲ. ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಲೇ ಇದ್ದಳು.

ನೀರು ಹಾಯಿಸಿದ ಹೊಲ ಹದಕ್ಕೆ ಬಂದಿದೆ. ವಾರದೊಳಗೆ ಬೀಜ ಬೀಳದಿದ್ದರೆ ಹದ ಆರುತ್ತದೆ. ಊರಿನಲ್ಲಿ ಯಾರ ಟ್ರಾಕ್ಟರೂ ಬಿಡುವಾಗಿಲ್ಲ. ನಾನು ಬಿತ್ತುತ್ತೇನೆ ಎಂದೆ. ಅಪ್ಪ ಇದ್ದಾಗ ಟ್ರಾಕ್ಟರ್ ಓಡಿಸಿದವನೇ ನಾನು. ಬೇಬೇ ಈಗ ನನ್ನ ಕಡೆ ತಿರುಗಿದರು. “ಇವನಿಗೆ ನಿರ್ಭೈ ಅಂತ ಹೆಸರಿಟ್ಟೋರು ಯಾರು? ಸ್ವಲ್ಪ ಭಯ ಇರೋ ಹೆಸರು ಸಿಗಲಿಲ್ವಾ?”

ಭಾವ ಕಣ್ಣು ಮುಚ್ಚಿ ಮಲಗಿದ್ದವರು ಹಾಗೆಯೇ, “ಬಿತ್ತಲಿ ಬಿಡಮ್ಮ” ಎಂದರು.

ಅಕ್ಟೋಬರ್ 28, ಬುಧವಾರ

ನಾನು ಸೀಟಿನ ಮೇಲೆ, ಹಿಂದೆ ತಳ್ಳಲು ಐದು ಜನ. ಪಕ್ಕದ ಮನೆಯ ಅಂಗ್ರೇಜ್ ಸಿಂಗ್ ಅವರ ಮುಖಂಡ. ಆತ ತಳ್ಳುವುದಕ್ಕಿಂತ ಮಾತಾಡುವುದು ಹೆಚ್ಚು. ಭಾವನ ಕಾಲು ಮುರಿದವನಿಗಾಗಿ ನಾವು ಬೆನ್ನು ಮುರಿದುಕೊಳ್ಳಬೇಕಲ್ಲಪ್ಪಾ ಎಂದ. ಎಲ್ಲರೂ ನಕ್ಕರು. ಬೈದಿದ್ದರೆ ವಾಸಿಯಿತ್ತು.

ಒಮ್ಮೆ ಎಂಜಿನ್ ಹಿಡಿಯಿತೆಂದರೆ ಸಂಜೆಯವರೆಗೆ ಆರಿಸುವಂತಿಲ್ಲ. ಮಧ್ಯಾಹ್ನ ಹೊಲದ ಬದುವಿನಲ್ಲಿ ಅದನ್ನು ಗುಡುಗುಡಿಸುತ್ತ ಬಿಟ್ಟು ಗುರುದ್ವಾರಕ್ಕೆ ಹೋಗಿ, ಬಂದವರಿಗೆಲ್ಲ ಊಟ ಹಾಕುವ ಲಂಗರಿನಲ್ಲಿ ಉಂಡು ಬಂದೆ. ರಾತ್ರಿಗೆ ಅಂಗಡಿಯ ಬಿಸ್ಕತ್ತು. ಅಕ್ಕ ತಟ್ಟೆ ತಂದಿಟ್ಟಳು, ಹಸಿವಿಲ್ಲ ಎಂದೆ.

ಅಕ್ಟೋಬರ್ 30, ಶುಕ್ರವಾರ

ಇಂದು ಅಕ್ಕ ಹೊಲಕ್ಕೇ ಬಂದಳು. ಬುತ್ತಿಯನ್ನು ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಕುಕ್ಕಿದಳು. “ನೀನು ಗುರುದ್ವಾರದಲ್ಲಿ ಉಂಡ್ರೆ ಊರು ಏನನ್ನತ್ತೆ ಗೊತ್ತಾ? ಹೊಲ ದುಡಿಯೋ ತಮ್ಮನಿಗೆ ಅಕ್ಕ ಒಂದು ರೊಟ್ಟಿ ಹಾಕಲಿಲ್ಲ ಅನ್ನತ್ತೆ. ನಿನ್ನ ನಾಚಿಕೆ ನೀನು ಕಾಪಾಡ್ಕೊಂಡೆ. ನನ್ನದನ್ನ ಯಾರು ನೋಡ್ಬೇಕು?”

ಅವಳು ನಿಂತೇ ಇದ್ದಳು. ತಿಂದೆ. ರೊಟ್ಟಿ, ಮೂಲಂಗಿ, ಬೆಲ್ಲ.

ನವೆಂಬರ್ 2, ಸೋಮವಾರ

ಹೊಲದ ಆ ತುದಿಯಲ್ಲಿ ತಿರುಗಿಸುವಾಗ ಎಂಜಿನ್ ಆರಿತು. ಸುತ್ತ ಯಾರೂ ಇಲ್ಲ. ಬಿತ್ತುವ ಕೂರಿಗೆ ಹಿಂದೆ ಸಿಕ್ಕಿಸಿದ್ದು ಹಾಗೆಯೇ ಇದೆ, ಬೀಜ ಅರ್ಧ ಉಳಿದಿದೆ. ಕೀಲಿ ತಿರುಗಿಸಿದೆ, ಟಕ್. ಸೀಟಿನ ಕೆಳಗಿನ ಡಬ್ಬಿಯಲ್ಲಿ ಸ್ಪ್ಯಾನರ್ ಇತ್ತು. ಹೊರಗೆ ತೆಗೆದೆ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯೆಂದು ನೋಡಿದೆ. ಇಳಿದು ಹೋಗಿ ಬಗ್ಗಿ, ಮತ್ತೆ ಹತ್ತಿ ಗೇರ್ ನೋಡಿದೆ. ಗಾಲಿಗಳ ಮುಂದೆ ಹಿಂದೆ ಯಾರೂ ಇಲ್ಲವೆಂದು ಸುತ್ತು ಹಾಕಿ ನೋಡಿದೆ. ಇಷ್ಟಾದ ಮೇಲೂ ಕೈ ಬೋಲ್ಟಿನ ಹತ್ತಿರ ಹೋಗಲಿಲ್ಲ.

ಸ್ಪ್ಯಾನರ್ ಒಳಗೆ ಹಾಕಿ ಊರಿಗೆ ನಡೆದೆ. ಅಂಗ್ರೇಜ್ ಸಿಂಗ್ ಎಮ್ಮೆಗೆ ನೀರು ಕುಡಿಸುತ್ತಿದ್ದ. ನನ್ನನ್ನು ನೋಡಿದೊಡನೆ ನಗಲು ಬಾಯಿ ತೆರೆದ. ಏನು ಕಂಡಿತೋ, ನಗದೆ ಬಕೆಟ್ಟು ಕೆಳಗಿಟ್ಟು ಬಂದ.

ನವೆಂಬರ್ 4, ಬುಧವಾರ

ಗುರು ನಾನಕರ ಜನ್ಮದಿನ. ಗುರುದ್ವಾರದಲ್ಲಿ ಪಾದರಕ್ಷೆ ಬಿಡುವ ಬಾಗಿಲ ಬಳಿ ಕೂತೆ. ಕೊನೆಯ ಪ್ರಾರ್ಥನೆಯಾದ ಅರದಾಸದಲ್ಲಿ, ಗ್ರಂಥ ಓದುವ ಗ್ರಂಥಿಯವರು ಭಾವನ ಹೆಸರು ಹಿಡಿದು, ನಛತ್ತರ್ ಸಿಂಗರ ಕಾಲು ಬೇಗ ಕೂಡಲಿ ಎಂದು ಬೇಡಿದರು. ಮುಂದಿನ ಸಾಲಿನಲ್ಲಿ ಎರಡು ಪೇಟಗಳು ಹಿಂದಕ್ಕೆ ತಿರುಗಿದವು.

ನವೆಂಬರ್ 9, ಸೋಮವಾರ

ಬಿತ್ತನೆ ಮುಗಿಯಿತು. ಇನ್ನು ನನಗಿಲ್ಲಿ ಕೆಲಸವಿಲ್ಲ. ಬೆಳಗಿನ ಬಸ್ಸಿಗೆಂದು ಚೀಲ ಕಟ್ಟಿ ಭಾವನ ಮಂಚದ ಬಳಿ ನಿಂತೆ. ಇಷ್ಟು ದಿನ ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಗಡ್ಡದಲ್ಲಿ ಬಿಳಿ ಹೆಚ್ಚಿದೆ.

ಪೇಟೆಯಿಂದ ರಿಪೇರಿಯ ಮಿಸ್ತ್ರಿಯೊಬ್ಬ ಬಂದು ನೋಡಿ ಹೋದದ್ದನ್ನು ಹೇಳಿದರು. ಡೈನಮೋ ಬದಲಿಸಿ, ಸೆಲ್ಫ್ ಬದಲಿಸಿ, ವೈರಿಂಗ್ ಪೂರಾ ಕಿತ್ತು ಹೊಸದು ಹಾಕಿ ಅಂದನಂತೆ. ಹಾಗಾದರೆ ಉಳಿಯುವುದು ಹಾರ್ನ್ ಒಂದೇ ಎಂದು ಭಾವ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಕಾಲನ್ನ ಡಾಕ್ಟರು ನೋಡ್ಕೋತಾನೆ. ಟ್ರಾಕ್ಟರ್ ನೀನು ನೋಡು. ಕೀಲಿಗೆ ಸ್ಟಾರ್ಟ್ ಆಗೋ ತನಕ ನೀನು ಈ ಮನೆ ಬಿಟ್ಟು ಹೋಗೋ ಹಂಗಿಲ್ಲ” ಎಂದರು.

ಶಿಕ್ಷೆಯೋ ಕೃಪೆಯೋ ತಿಳಿಯಲಿಲ್ಲ. ಚೀಲ ಬಿಚ್ಚಿದೆ.

ನವೆಂಬರ್ 12, ಗುರುವಾರ

ಭಾವನ ಮಂಚವನ್ನು ಅಂಗಳದ ಬಿಸಿಲಿಗೆ ತಂದು ಟ್ರಾಕ್ಟರಿನ ಎದುರು ಹಾಕಿದೆವು. ನಾನು ಬಾನೆಟ್ ಎತ್ತಿ ನಿಂತೆ, ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಇಪ್ಪತ್ತೈದು ವರ್ಷದ ತಂತಿಗಳು. ಯಾವುದಕ್ಕೂ ಬಣ್ಣವೆಂಬುದು ಉಳಿದಿಲ್ಲ, ಎಲ್ಲ ಒಂದೇ ಮಣ್ಣಿನ ಬಣ್ಣ.

ಭಾವ ಕೇಳಿದರು: “ಸ್ಪ್ಯಾನರ್ ಇಟ್ಟಾಗ ಸೆಲ್ಫ್ ಜೋರಾಗಿ ತಿರುಗ್ತಲ್ಲ?”

ಅಂಗಳದಲ್ಲಿ ಎಲ್ಲರೂ ಇದ್ದರು. ಅಕ್ಕ ಇದ್ದಳು, ಬೇಬೇ ಇದ್ದರು. ನನ್ನ ಕಿವಿ ಸುಟ್ಟಿತು. ಹೌದೆಂದು ತಲೆಯಾಡಿಸಿದೆ.

“ಹಂಗಾದ್ರೆ ಬ್ಯಾಟರಿ ಸರಿ ಇದೆ, ದಪ್ಪ ತಂತಿ ಸರಿ ಇದೆ, ಸೆಲ್ಫೂ ಸರಿ ಇದೆ. ತೊಂದರೆ ಕೀಲಿಯಿಂದ ಸೆಲ್ಫಿಗೆ ಬರೋ ಸಣ್ಣ ತಂತೀಲಿ. ಅಲ್ಲಿಂದ ಹುಡುಕು.”

ಇದು ನನಗೂ ಹೊಳೆದಿತ್ತು. ಎರಡು ವಾರದಿಂದ ತಲೆಯಲ್ಲಿತ್ತು. ಅವರ ಕಾಲು ಮುರಿದ ಆ ಒಂದು ಕ್ಷಣವೇ ನಾನು ಮಾಡಿದ ಮೊದಲ ಪರೀಕ್ಷೆ, ಅದರ ಉತ್ತರವೂ ಸರಿಯಾಗಿಯೇ ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಮುಖ ನನಗಿರಲಿಲ್ಲ. ಅವರು ಹವಾಮಾನ ಹೇಳುವಂತೆ ಹೇಳಿಬಿಟ್ಟರು.

ಹೆಡ್‌ಲೈಟಿನ ಹಳೆಯ ಬಲ್ಬಿಗೆ ಎರಡು ತಂತಿ ಕಟ್ಟಿದೆ. ಒಂದು ತುದಿ ಎಂಜಿನ್ನಿನ ಕಬ್ಬಿಣಕ್ಕೆ, ಇನ್ನೊಂದನ್ನು ಕರೆಂಟು ಹರಿಯುವ ದಾರಿಯುದ್ದಕ್ಕೂ ಒಂದೊಂದೇ ಕಡೆ ಮುಟ್ಟಿಸುತ್ತ ಹೋಗುವುದು. ಕೀಲಿಯ ಹಿಂದೆ ಪ್ರಖರ ಬೆಳಕು. ಸೆಲ್ಫಿನ ಹತ್ತಿರ ಬಲ್ಬು ಆರುವ ಬೀಡಿಯ ಹಾಗೆ ಕೆಂಪಗೆ. ನಡುವೆ ಎಲ್ಲೋ ಕರೆಂಟಿಗೆ ತಡೆಯಾಗುತ್ತಿದೆ. ಕತ್ತಲಾಯಿತು, ನಿಲ್ಲಿಸಿದೆ.

ನವೆಂಬರ್ 15, ಭಾನುವಾರ

ಸಿಕ್ಕಿತು. ಗೇರಿನ ಕಡ್ಡಿಯ ಬುಡದಲ್ಲಿ.

ಅಲ್ಲಿ ಬೆರಳ ತುದಿಯಷ್ಟು ಒಂದು ಸ್ವಿಚ್ ಇರಬೇಕಿತ್ತು. ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಕೀಲಿಯ ಕರೆಂಟನ್ನು ಮುಂದೆ ಬಿಡುವ ಸ್ವಿಚ್. ಅದು ಇರಲೇ ಇಲ್ಲ. ಅದಕ್ಕೆ ಬರುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಟ್ಟೆ ಸುತ್ತಿದ್ದರು. ಬಿಚ್ಚಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಕೆರೆದು, ಹೊಸ ತುಂಡು ಬೆಸೆದು, ಗೇರ್ ಮೂರು ಸಲ ನೋಡಿ, ಅಕ್ಕನನ್ನೂ ಬೇಬೇಯನ್ನೂ ಜಗಲಿಗೆ ಹತ್ತಿಸಿ ಕೀಲಿ ತಿರುಗಿಸಿದೆ. ಹೊತ್ತಿಕೊಂಡಿತು. ಯಾರೂ ತಳ್ಳದೆ. ಅಂಗ್ರೇಜ್ ಸಿಂಗ್ ಗೋಡೆಯ ಮೇಲಿಂದ ತಲೆ ಹಾಕಿ, ಇನ್ನು ನಮಗೆ ವ್ಯಾಯಾಮ ಇಲ್ಲವೇ ಎಂದು ಕೇಳಿದ.

ಸ್ವಿಚ್ ಕಿತ್ತವರು ಯಾರೆಂದು ನಾನು ಕೇಳಲಿಲ್ಲ. ಭಾವ ತಾವಾಗಿಯೇ ಹೇಳಿದರು. ಯಾವುದೋ ವರ್ಷ ಸುಗ್ಗಿಯ ನಡುವೆ ಅದು ಕೆಟ್ಟಿತ್ತಂತೆ, ಆಮೇಲೆ ಹಾಕಿದರಾಯಿತೆಂದು ತಂತಿ ಹೊಸೆದರಂತೆ.

ರಾತ್ರಿ ಒಂದು ವಿಚಿತ್ರ ನಡೆಯಿತು. ಬೇಬೇ ತಾವೇ ಬಟ್ಟಲು ಹಿಡಿದು ಬಂದರು. ಸಾಸಿವೆ ಸೊಪ್ಪು, ಮೇಲೆ ಬೆಣ್ಣೆಯ ಉಂಡೆ. “ತಿನ್ನು. ಮುಖದಲ್ಲಿ ಮೂಗು ಬಿಟ್ರೆ ಏನೂ ಉಳಿದಿಲ್ಲ.” ಅಷ್ಟೇ ಹೇಳಿ ಹೋದರು. ಆಮೇಲೆ ಅಕ್ಕ ಹೇಳಿದಳು: ಭಾವ ತಾಯಿಗೆ, ತಾನು ಸ್ವಿಚ್ ಕಿತ್ತದ್ದರಿಂದಲೇ ಟ್ರಾಕ್ಟರ್ ಹಾರಿತು, ಹುಡುಗನದೇನೂ ತಪ್ಪಿಲ್ಲ, ತಪ್ಪೆಲ್ಲ ತನ್ನದು ಎಂದಿದ್ದಾರೆ. ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು. ಎಷ್ಟೋ ದಿನದ ಮೇಲೆ ಅವಳು ಸೆರಗನ್ನು ಹಣೆಯಿಂದ ಸರಿಸಿ ಕೂತಿದ್ದಳು.

ನವೆಂಬರ್ 16, ಸೋಮವಾರ

ಭಾವನಿಗೆ ಚಹಾ ಕೊಡುವಾಗ ಯಾರೂ ಇರಲಿಲ್ಲ. ಹೇಳಿದೆ: “ಭಾವಾ, ಆ ಸ್ವಿಚ್ ಇದ್ದಿದ್ರೂ ಅಷ್ಟೇ ಆಗ್ತಿತ್ತು. ಸ್ಪ್ಯಾನರ್ ಇಟ್ರೆ ಕರೆಂಟು ಆ ದಾರೀಲಿ ಬರೋದೇ ಇಲ್ಲ.”

“ಗೊತ್ತು.”

“ಮತ್ತೆ?”

“ಬೇಬೇಗೆ ಗೊತ್ತಿಲ್ಲ” ಎಂದರು. ಚಹಾ ಊದಿ ಕುಡಿದರು. “ಶಿಂದರ್ ಈ ಮನೇಲಿ ಇನ್ನೂ ನಲವತ್ತು ವರ್ಷ ಬಾಳ್ಬೇಕು.”

ನವೆಂಬರ್ 19, ಗುರುವಾರ

ಬೇಬೇ ದಿನವೂ ಬೆಣ್ಣೆ ಹಾಕುತ್ತಾರೆ. ಮಗನ ಮೂಳೆಗೆಂದು ಕಟ್ಟಿದ ಅಗಸೆಯ ಉಂಡೆಯಲ್ಲಿ ನನಗೂ ಒಂದು. ನಿನ್ನೆ ಊರ ಹೆಂಗಸರ ಮುಂದೆ, ಪಾಪದ ಹುಡುಗ, ನಾನು ಸುಮ್ಮನೆ ಅಂದುಬಿಟ್ಟೆ ಎಂದರು. ಬೈಗುಳ ಹೊರುವುದು ಹಗುರವಾಗಿತ್ತು. ಇದು ಆಗುತ್ತಿಲ್ಲ. ಭಾವನ ಕಾಲನ್ನೂ ಮುರಿದು ಈಗ ಅವರ ಒಳ್ಳೆಯತನದ ಮೇಲೂ ಕೂತು ಉಣ್ಣುತ್ತಿದ್ದೇನೆ. ಹೇಳಿಬಿಡಬೇಕು.

ನವೆಂಬರ್ 20, ಶುಕ್ರವಾರ

ಹೇಳಿದೆ.

ಬೇಬೇ ಒಬ್ಬರೇ ಬಿಸಿಲಿನಲ್ಲಿ ಸೊಪ್ಪು ಸೋಸುತ್ತಿದ್ದರು. ಎದುರು ಕುಕ್ಕುರುಗಾಲಲ್ಲಿ ಕೂತೆ. ಸ್ವಿಚ್ಚಿನ ಮಾತು ನಿಜವಲ್ಲ, ಅದು ಇದ್ದಿದ್ದರೂ ಟ್ರಾಕ್ಟರ್ ಹಾರುತ್ತಿತ್ತು ಎಂದೆ. ಭಾವ ತಡಿ ಅಂದಿದ್ದರು, ನನಗೆ ಕೇಳಿಸಿತ್ತು, ನೋಡುವವರ ಮುಂದೆ ಜಾಣನಾಗಲು ಹೋಗಿ ತಡೆಯಲಿಲ್ಲ ಎಂದೆ. ಅವರ ಕೈ ನಿಂತಿತು.

“ನೀನು ಇದನ್ನ ಹೇಳ್ತೀಯ ಅಂತ ನಛತ್ತರ್‌ಗೆ ಗೊತ್ತಾ?”

“ಇಲ್ಲ.”

“ಹೇಳಿದ ಮೇಲೆ ಹಗುರ ಆಯ್ತಾ?”

ಆಗಿತ್ತು. ನೆಲಕ್ಕೆ ಉದುರಿದ್ದ ಎಲೆಗಳನ್ನು ಆರಿಸತೊಡಗಿದೆ.

“ಆಗಿರತ್ತೆ. ಈ ನಾಲ್ಕು ದಿನ ನಾನೂ ಹಗುರವಾಗಿದ್ದೆ. ಮಗಂದೇ ತಪ್ಪು ಅಂದ್ರೆ ಮಗನ್ನ ಬೈದು ಸುಮ್ನಾಗಬಹುದು. ಇನ್ಮೇಲೆ ಸೊಸೆ ಮುಖ ಕಂಡಾಗೆಲ್ಲ ನೀನು ಕಾಣ್ತೀಯ. ನಿನ್ನ ಹೊರೆ ಇಳಿಸೋಕೆ ಈ ಮುದುಕಿ ತಲೆ ಒಂದೇ ಸಿಕ್ತಾ ನಿಂಗೆ?”

ಸೊಪ್ಪಿನ ಒಂದು ದಂಟನ್ನು ಮುರಿದರು, ಇನ್ನೊಂದನ್ನು ಮುರಿದರು. ಕೊನೆಗೆ ಹೇಳಿದರು: “ನಂಗೆ ಗೊತ್ತು ಅಂತ ಅವನಿಗೆ ಹೇಳ್ಬೇಡ. ಸುಳ್ಳು ಹೇಳಿ ಒಂದು ಒಳ್ಳೇ ಕೆಲಸ ಮಾಡಿದೀನಿ ಅಂದ್ಕೊಂಡಿದಾನೆ. ಅದಾದ್ರೂ ಅವನಿಗಿರಲಿ.”

ಎದ್ದು ಬಂದೆ. ಇಷ್ಟು ದಿನ ನಾಚಿಕೆಯೆಂದರೆ ಏನೆಂದು ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ 21, ಶನಿವಾರ

ಬೆಣ್ಣೆ ಇಲ್ಲ. ಆದರೆ ಭಾವ ನೋಡುತ್ತಿರುವಾಗ ಬೇಬೇ, “ಮಗಾ, ಇನ್ನೊಂದು ರೊಟ್ಟಿ ಹಾಕ್ಲಾ?” ಎಂದರು. ಹಾಕಿ ಎಂದೆ. ತಿಂದೆ.

ನವೆಂಬರ್ 26, ಗುರುವಾರ

ಕೀಲಿಗೆ ಹೊತ್ತಿಕೊಳ್ಳುತ್ತಿದ್ದ ಟ್ರಾಕ್ಟರ್ ಮೂರು ದಿನದಿಂದ ಮತ್ತೆ ನರಳುತ್ತಿದೆ. ಈ ಸಲ ಬ್ಯಾಟರಿಯೇ ಬಡವಾಗಿದೆ. ಎಂಜಿನ್ ಓಡುವಾಗ ಡೈನಮೋ ಬ್ಯಾಟರಿಗೆ ತುಂಬಿಕೊಡಬೇಕು. ಆದರೆ ಚಾರ್ಜ್ ತೋರಿಸುವ ಮುಳ್ಳು ಸತ್ತ ಹಾಗೆ ಮಲಗಿದೆ.

ಡೈನಮೋದ ತಂತಿ ಬಿಚ್ಚಿ, ತಂತಿ ಸಿಕ್ಕಿಸುವ ಎರಡು ಮೂತಿಗಳನ್ನು ಒಂದಕ್ಕೊಂದು ಜೋಡಿಸಿ, ಅಲ್ಲಿಂದ ಬಲ್ಬು ಕೊಟ್ಟು ಎಂಜಿನ್ ಏರಿಸಿದೆ. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಮಿಸ್ತ್ರಿ ಬದಲಿಸಿ ಎಂದ ಡೈನಮೋ ಚೆನ್ನಾಗಿಯೇ ಇದೆ. ಹಾಗಾದರೆ ಕೆಟ್ಟಿರಬೇಕಾದದ್ದು ಡೈನಮೋಗೂ ಬ್ಯಾಟರಿಗೂ ನಡುವೆ ಕೂತು ಕರೆಂಟನ್ನು ಬಿಡುವ, ತಡೆಯುವ ಕಟೌಟ್ ಡಬ್ಬಿ. ಅದನ್ನು ಬಿಚ್ಚಿ ನೋಡುತ್ತಿದ್ದೆ. ಬೇಬೇ ಹತ್ತಿರದಲ್ಲೇ ಮಗನ ಕಾಲಿಗೆ ದಿಂಬು ಕೊಡುತ್ತ ಟ್ರಾಕ್ಟರಿನ ಕಥೆ ಹೇಳುತ್ತಿದ್ದರು. ಅದು ಅವರ ಗಂಡ ತಂದದ್ದು. ಗಂಡನ ಪುಣ್ಯತಿಥಿಗೆ ಹೋದ ವರ್ಷ ಹೊಸ ಬಣ್ಣ ಹೊಡೆಸಿದರಂತೆ. ಪೇಂಟರ್ ಕಳ್ಳಾಟ ಮಾಡುತ್ತಾನೆಂದು ತಾವೇ ಪಕ್ಕದಲ್ಲಿ ನಿಂತು, ಒಂದು ಡಬ್ಬಿ ಒಂದು ಬೋಲ್ಟು ಬಿಡದೆ ಎಲ್ಲವನ್ನೂ ಬಿಚ್ಚಿಸಿ ಅಡಿಗೂ ಬಳಿಸಿದರಂತೆ. ನೋಡು, ಹೇಗೆ ಹೊಳೆಯುತ್ತಿದೆ ಎಂದರು.

ಕಟೌಟ್ ಡಬ್ಬಿಯ ಅಡಿ ನನ್ನ ಕೈಯಲ್ಲಿತ್ತು. ದಪ್ಪಗೆ ಕೆಂಪು ಬಣ್ಣ. ಅದು ಕೂರುವ ಜಾಗಕ್ಕೂ ಬಣ್ಣ. ಕಬ್ಬಿಣ ಕಬ್ಬಿಣಕ್ಕೆ ತಾಗಿದರೆ ತಾನೆ ಅರ್ಥಿಂಗ್ ಸಿಕ್ಕಿ ಡಬ್ಬಿ ಕೆಲಸ ಮಾಡುವುದು? ಒಂದು ವರ್ಷದಿಂದ ಆ ಡಬ್ಬಿ ಬಣ್ಣದ ಮೇಲೆ ಸುಮ್ಮನೆ ಕೂತಿತ್ತು. ಬ್ಯಾಟರಿ ಆರಿದ್ದು, ದಿನವೂ ತಳ್ಳಿಸಿದ್ದು, ಭಾವ ನನ್ನನ್ನು ತಡೆದು ನೋಡು ಅಂದದ್ದು, ಎಲ್ಲದರ ಬೇರು ಅರ್ಧ ಇಲ್ಲಿತ್ತು.

ಉಪ್ಪುಕಾಗದದಿಂದ ಎರಡು ಕಡೆಯೂ ತಿಕ್ಕಿ ಬಿಳಿ ಕಬ್ಬಿಣ ಕಾಣಿಸಿದೆ. ಬಿಗಿದು ಸ್ಟಾರ್ಟ್ ಮಾಡಿದೆ. ಮುಳ್ಳು ಎದ್ದು ಬಲಕ್ಕೆ ವಾಲಿತು.

ಬೇಬೇ ಏನಾಗಿತ್ತೆಂದು ಕೇಳಿದರು. ತುಕ್ಕು ಎಂದೆ.

ಅವರು ಒಳಗೆ ಹೋದ ಮೇಲೆ ಭಾವ ನೆಲದ ಮೇಲೆ ಬಿದ್ದಿದ್ದ ಕೆಂಪು ಪುಡಿಯನ್ನು ನೋಡಿದರು, ನನ್ನನ್ನು ನೋಡಿದರು. “ತುಕ್ಕೂ ಕೆಂಪೇ ಅಲ್ವಾ” ಎಂದರು.

ನ್ಯೂಟ್ರಲ್ ಸ್ವಿಚ್ ಬರ್ನಾಲಾದಲ್ಲಿ ಸಿಗುವುದಿಲ್ಲ. ನಾಳೆ ಲುಧಿಯಾನಾಕ್ಕೆ ಹೋಗಬೇಕು.

ಡಿಸೆಂಬರ್ 3, ಗುರುವಾರ

ಸ್ವಿಚ್ ಹಾಕಿದೆ. ಗೇರಿನಲ್ಲಿಟ್ಟು ಕೀಲಿ ತಿರುಗಿಸಿದರೆ ಏನೂ ಆಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಹೊತ್ತಿಕೊಳ್ಳುತ್ತದೆ. ಭಾವ ಮತ್ತೆ ಮತ್ತೆ ಮಾಡಿಸಿ ನೋಡಿದರು. ಸ್ಪ್ಯಾನರ್ ಇಡುವವನನ್ನು ಯಾವ ಸ್ವಿಚ್ಚೂ ತಡೆಯುವುದಿಲ್ಲ. ಆದ್ದರಿಂದ ಸೆಲ್ಫಿನ ಬೋಲ್ಟುಗಳ ಮೇಲೆ ತಗಡು ಬಾಗಿಸಿ, ಒಳಗೆ ರಬ್ಬರ್ ಕೊಟ್ಟು ಮುಚ್ಚಳ ಬಿಗಿದೆ.

ಲುಧಿಯಾನಾದಲ್ಲಿ ಗುತ್ತಿಗೆದಾರ ನನ್ನ ಜಾಗಕ್ಕೆ ಬೇರೆಯವನನ್ನು ಇಟ್ಟುಕೊಂಡಿದ್ದಾನೆ. ಮನೆಗೆ ಹೋಗಿದ್ದೆ. ಇಷ್ಟು ದಿನ ಅಕ್ಕನ ಮನೆಯಲ್ಲಿ ಉಂಡೆಯಾ ಎಂದು ಅಮ್ಮ ಕೇಳಿದಳು. ಹೂಂ ಎಂದೆ. ಗೋಧಿಗೆ ಮೊದಲ ನೀರು ಹಾಯಿಸಿ ಆಗಿದೆ, ಗೊಬ್ಬರ ಎರಚುವುದು ಬಾಕಿ ಇದೆ, ಬೇಗ ಹೋಗಬೇಕು ಎಂದೆ.

ಜನವರಿ 4, 1999, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಕಬ್ಬಿನ ಜಲ್ಲೆಯ ಹಾಗಿದೆ. ಮೂಳೆ ಕೂಡಿದೆ, ಆದರೆ ತುಸು ಸೊಟ್ಟವಾಗಿ. ನಡೆಯುತ್ತಾರೆ, ಕುಂಟು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಭಾವ ಸರಿ ಎಂದರು. ನಾನು ಹೊರಗೆ ಬಂದು ಸೈಕಲ್ ನಿಲ್ಲಿಸುವ ಕಡೆ ನಿಂತಿದ್ದೆ. ಅಕ್ಕ ಬಂದು ಕರೆಯುವವರೆಗೂ ಒಳಗೆ ಹೋಗಲಾಗಲಿಲ್ಲ.

ಬೇಬೇ ಆ ಕಾಲಿಗೆ ದಿನವೂ ಸಾಸಿವೆ ಎಣ್ಣೆ ತಿಕ್ಕಬೇಕು ಎಂದರು. ಯಾರು ತಿಕ್ಕಬೇಕೆಂದು ಹೇಳಲಿಲ್ಲ, ಬಟ್ಟಲನ್ನು ನನ್ನ ಮುಂದೆ ಇಟ್ಟರು.

ಜನವರಿ 11, ಸೋಮವಾರ

ಮಧ್ಯಾಹ್ನ ಮಂಜು ಹರಿಯಿತು. ಭಾವ ಕೋಲು ಊರಿಕೊಂಡು ಟ್ರಾಕ್ಟರಿನ ತನಕ ನಡೆದರು. ಹತ್ತಿಸು ಎಂದರು. ಬೇಬೇ ಬೇಡ ಬೇಡ ಎನ್ನುತ್ತಿದ್ದರು, ಅಕ್ಕ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದೆ. ಕೀಲಿ ತಿರುಗಿಸಿದರು, ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವರ ಮುಖ ಅರಳಿತು.

ಆಮೇಲೆ ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದರು. ಕ್ಲಚ್ ಅಲುಗಲಿಲ್ಲ. ಮತ್ತೆ ಒತ್ತಿದರು. ಹಣೆಯಲ್ಲಿ ಬೆವರು ಬಂತು. ಆ ಕಾಲು ಕ್ಲಚ್ಚಿನ ಕಾಲು ಎಂಬುದು ಇಷ್ಟು ದಿನ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲವೋ, ಹೊಳೆದವರು ಹೇಳಿರಲಿಲ್ಲವೋ. ಬೇಬೇ ಸೊರಗಿದ ದನಿಯಲ್ಲಿ, ಇಳಿಸೋ ಅವನನ್ನ ಎಂದರು.

ಭಾವ ಇಳಿಯಲಿಲ್ಲ. ನನಗೆ, “ಮೊಣಕಾಲ ಮೇಲೆ ಕೈ ಇಟ್ಟು ಒತ್ತು” ಎಂದರು.

ನೆಲದ ಮೇಲೆ ನಿಂತೇ ಎರಡು ಅಂಗೈಯನ್ನೂ ಅವರ ಮೊಣಕಾಲಿನ ಮೇಲಿಟ್ಟೆ. ಮೂಳೆ ಕೈಗೆ ಸಿಗುತ್ತಿತ್ತು. ನೋವಾದರೆ ಹೇಳಿ ಎಂದೆ. ಒತ್ತಿದೆ, ಕ್ಲಚ್ ಕೆಳಗೆ ಹೋಯಿತು. ಗೇರಿನ ಕಡ್ಡಿಗೆ ಕೈ ಹಾಕಿದವರು ಕೈ ಹಾಗೆಯೇ ತಡೆದು ನನ್ನ ಹಿಂದೆ ನೋಡಿದರು. ನನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿ ದೊಡ್ಡ ಗಾಲಿ.

“ಅಲ್ಲಿ ನಿಲ್ಬೇಡ” ಎಂದರು. “ಮೇಲೆ ಹತ್ತು.”

ಹತ್ತಿ, ಅವರ ಕಾಲ ಬಳಿ ಮೊಣಕಾಲೂರಿ ಕೂತೆ. ಮತ್ತೆ ಒತ್ತಿದೆ. ಗೇರ್ ಬಿತ್ತು. ಸ್ವಲ್ಪ ಸ್ವಲ್ಪವಾಗಿ ಬಿಡು, ಹಾಲು ಬಗ್ಗಿಸುವ ಹಾಗೆ ಬಿಡು ಎಂದರು. ಹಾಗೆಯೇ ಬಿಟ್ಟೆ. ಟ್ರಾಕ್ಟರ್ ಎತ್ತಿ ಹಾಕದೆ ಹೊರಟಿತು. ಓಣಿ ದಾಟುವಾಗ ಅಂಗ್ರೇಜ್ ಸಿಂಗ್, ಒಂದು ಟ್ರಾಕ್ಟರಿಗೆ ಇಬ್ಬರು ಡ್ರೈವರಾ, ಸಂಬಳ ಯಾರು ಕೊಡ್ತಾರೆ ಎಂದು ಕೂಗಿದ. ಭಾವ ಹಾರ್ನ್ ಹೊಡೆದರು.

ಹೊಲದ ತಲೆಗೆ ಹೋಗಿ ನಿಲ್ಲಿಸಿದೆವು. ಗೋಧಿ ಮೊಳಕಾಲೆತ್ತರ ಬಂದಿದೆ. ಸೀಟಿನ ಎತ್ತರದಿಂದ ಸಾಲುಗಳೆಲ್ಲ ಕಾಣುತ್ತಿದ್ದವು. ಭಾವ ಬಹಳ ಹೊತ್ತು ನೋಡಿ, ಈ ಕಡೆಯದನ್ನು ಯಾವಾಗ ಬಿತ್ತಿದೆ, ಬಿತ್ತುವಾಗ ಕುಡಿದಿದ್ದೆಯಾ ಎಂದು ಕೇಳಿದರು. ನೋಡಿದೆ. ಹಾವು ಹರಿದ ಹಾಗೆ ಸೊಟ್ಟ ಸಾಲು, ಒಂದೆರಡು ಕಡೆ ಬೀಜವೇ ಬೀಳದೆ ಬರೀ ಮಣ್ಣು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹೊಲ ಅದು. ನನಗೆ ತುಂಬ ನಾಚಿಕೆಯಾಯಿತು.

ಮುಂದಿನ ವರ್ಷ ಬಿತ್ತುವಾಗ ಆ ತುದಿಯಲ್ಲಿ ಒಂದು ಗೂಟ ನೆಟ್ಟು ಅದನ್ನೇ ನೋಡುತ್ತ ಓಡಿಸಬೇಕು.